ಭದ್ರಾ ಅಚ್ಚುಕಟ್ಟು: ಸಲಹಾ ಸಮಿತಿಯ ಮೇಜಿಗೆ ಬೆಳೆ ನಕ್ಷೆಯೂ ಮಳೆ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಭದ್ರಾ ಜಲಾಶಯದ ನೀರನ್ನು ಯಾವ ದಿನಾಂಕದಿಂದ ಎಷ್ಟು ದಿನ ನಾಲೆಗೆ ಹರಿಸಬೇಕೆಂದು ತೀರ್ಮಾನಿಸಲು ಮಳೆಗಾಲದ ಬೆಳೆಗೊಮ್ಮೆ, ಬೇಸಿಗೆ ಬೆಳೆಗೊಮ್ಮೆ ನೀರಾವರಿ ಸಲಹಾ ಸಮಿತಿ, ನಾವೆಲ್ಲ ಐಸಿಸಿ ಎಂದು ಕರೆಯುವ ಸಮಿತಿ, ಸಭೆ ಸೇರುತ್ತದೆ. ಸಭೆಯ ಹಿಂದಿನ ವಾರವೆಲ್ಲ ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ರೈತರ ಬಾಯಲ್ಲಿ ಇರುವುದು ಒಂದೇ ಅಂಕಿ: ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಲ್ಲಿ ನೀರು ಗರಿಷ್ಠ ಮಟ್ಟವಾದ 186 ಅಡಿಗೆ ಎಷ್ಟು ಅಡಿ ಬಂದಿದೆ ಎಂಬುದು. ಸಭೆಯಲ್ಲಿ ಜನಪ್ರತಿನಿಧಿಗಳೂ ಅಧಿಕಾರಿಗಳೂ ರೈತ ಮುಖಂಡರೂ ವಾದಿಸುವುದು ಆ ಅಂಕಿಯನ್ನು ದಿನಗಳಿಗೆ ಭಾಗಿಸುವ ಬಗ್ಗೆಯೇ. ಆದರೆ ಆ ಹೊತ್ತಿಗೆ ಯಾವ ಉಪನಾಲೆಯ ಕೆಳಗೆ ಎಷ್ಟು ಎಕರೆ ಭತ್ತ, ಎಷ್ಟು ಎಕರೆ ಅಡಿಕೆ, ಎಷ್ಟು ಎಕರೆ ಬೀಳು ಇದೆ, ಆ ಬೆಳೆಗಳು ದಿನಕ್ಕೆ ಎಷ್ಟು ನೀರು ಕೇಳುತ್ತವೆ, ಬರುವ ಎರಡು ವಾರದಲ್ಲಿ ಅದರಲ್ಲಿ ಎಷ್ಟನ್ನು ಮಳೆಯೇ ಕೊಡುವ ಸಾಧ್ಯತೆ ಇದೆ ಎಂಬ ಪಟ್ಟಿಯನ್ನು ಸಾರ್ವಜನಿಕರ ಮುಂದೆ ಇಟ್ಟು ತೀರ್ಮಾನ ಮಾಡುವ ಪದ್ಧತಿ ಇನ್ನೂ ಬಂದಿಲ್ಲ. ಕಣಜದ ಎತ್ತರ ಅಳೆದು, ಪಂಕ್ತಿಯಲ್ಲಿ ಕುಳಿತವರ ತಲೆ ಎಣಿಸದೆ ಬಡಿಸಲು ಹೊರಟಂತೆ ಇದು. ಈ ಪತ್ರದ ಒತ್ತಾಯ ಒಂದೇ: ಹವಾಮಾನದ ಮಾಹಿತಿಯೂ ಉಪಗ್ರಹದ ಮಾಹಿತಿಯೂ ನಮ್ಮ ರಾಜ್ಯದಲ್ಲಿ ಈಗಾಗಲೇ ಸಿಗುತ್ತಿರುವಾಗ, ಅವನ್ನು ಸಭೆಗೆ ಮುಂಚೆ ತೂಬುವಾರು, ಅಂದರೆ ನಾಲೆಯಿಂದ ಹೊಲಗಳಿಗೆ ನೀರು ಬಿಡುವ ಕಿಂಡಿವಾರು, ಲೆಕ್ಕವಾಗಿ ಪ್ರಕಟಿಸಿ, ಆ ಲೆಕ್ಕದ ಮೇಲೆ ನೀರು ಬಿಡಬೇಕು.

ಮಳೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅಡಗಿರುವ ನೀರಿನ ಪ್ರಮಾಣ ನಮ್ಮ ಅಂದಾಜಿಗಿಂತ ದೊಡ್ಡದು. ಎರಡೂ ದಂಡೆಯ ನಾಲೆಗಳಿಗೆ ಸೇರಿ 3,000 ಕ್ಯುಸೆಕ್ (ಸೆಕೆಂಡಿಗೆ 3,000 ಘನ ಅಡಿ) ಹರಿಸುತ್ತಾರೆ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 0.26 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಜಲಾಶಯದಿಂದ ಹೊರಗೆ ಹೋಗುತ್ತದೆ. ನೂರು ದಿನಕ್ಕೆ 26 ಟಿಎಂಸಿ. ಭದ್ರಾ ಅಚ್ಚುಕಟ್ಟು, ಅಂದರೆ ಈ ನಾಲೆಗಳ ನೀರುಣ್ಣುವ ನೆಲ, ಒಂದು ಲಕ್ಷ ಹೆಕ್ಟೇರ್‌ಗಿಂತ ತುಸು ಹೆಚ್ಚು. ಅಷ್ಟು ನೆಲದ ಮೇಲೆ 25 ಮಿಲಿಮೀಟರ್‌ನ ಒಂದು ಹದ ಮಳೆ ಬಿದ್ದರೆ ಅದು 0.88 ಟಿಎಂಸಿಗೆ ಸಮ. ಅದರಲ್ಲಿ ಅರ್ಧ ಹರಿದು ಹಳ್ಳ ಸೇರಿ, ಅರ್ಧ ಮಾತ್ರ ಬೆಳೆಗೆ ದಕ್ಕಿತೆಂದರೂ ಒಂದೂವರೆ ದಿನಕ್ಕಿಂತ ಹೆಚ್ಚು ಕಾಲ ನಾಲೆ ಹರಿದಂತೆ ಆಯಿತು. ಒಂದು ಹಂಗಾಮಿನಲ್ಲಿ ಅಂಥ ಆರು ಮಳೆ ಅಚ್ಚುಕಟ್ಟಿನ ಉದ್ದಗಲಕ್ಕೂ ಬಿದ್ದು, ಪ್ರತಿ ಬಾರಿಯೂ ಅದಕ್ಕೆ ತಕ್ಕಂತೆ ನಾಲೆಯನ್ನು ತಗ್ಗಿಸಿದ್ದರೆ ಹತ್ತು ದಿನದ ನೀರು ಜಲಾಶಯದಲ್ಲೇ ಉಳಿಯುತ್ತದೆ. ಭತ್ತ ಹೊಡೆ ಬಿಚ್ಚಿ ಕಾಳು ಕಟ್ಟುವಾಗ ನಾಲೆಯ ಕೊನೆ ಭಾಗದವರು ಕೈಮುಗಿದು ಕೇಳುವುದು ಆ ಹತ್ತು ದಿನದ ನೀರನ್ನೇ.

ಅಂಥ ಮಳೆಯ ದಿನಗಳಲ್ಲಿ ನಾಲೆ ತುಂಬಿ ಹರಿಯುತ್ತಲೇ ಇದ್ದರೆ ಬೇಡದ ನೀರು ಗದ್ದೆಯಿಂದ ಗದ್ದೆಗೆ ಇಳಿದು, ಹಳ್ಳಗಳ ಮೂಲಕ ತುಂಗಭದ್ರೆಗೆ ಸೇರುತ್ತದೆ. ಅದು ಪೂರ್ತಿ ವ್ಯರ್ಥವೇನಲ್ಲ, ಕೆಳಗಿನ ಹೊಸಪೇಟೆ ಅಣೆಕಟ್ಟಿಗೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಭದ್ರೆಯ ಬೇಸಿಗೆ ಬೆಳೆಯ ಪಾಲಿಗೆ ಅದು ಕೈತಪ್ಪಿದ ನೀರು.

ಮಳೆ ಬಂದ ಮೇಲೆ ಗೇಟು ಇಳಿಸಿದರೆ ಸಾಲದೇ ಎಂಬ ಪ್ರಶ್ನೆ ಬರಬಹುದು. ಸಾಲದು. ಬಲದಂಡೆ ನಾಲೆ ನೂರು ಕಿಲೋಮೀಟರ್‌ ಮೀರಿದ್ದು, ಅದರಿಂದ ಆನವೇರಿ, ದಾವಣಗೆರೆ, ಮಲೇಬೆನ್ನೂರು, ಹರಿಹರ ಶಾಖಾ ನಾಲೆಗಳು ಕವಲೊಡೆಯುತ್ತವೆ. ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಕೊನೆಯ ತೂಬಿಗೆ ಸ್ಥಿರವಾಗಿ ತಲುಪಲು ಹಲವು ದಿನ ಬೇಕು. ಹಾಗೆಯೇ ಅಲ್ಲಿ ತಗ್ಗಿಸಿದ್ದರ ಪರಿಣಾಮ ಇಲ್ಲಿ ಕಾಣಲೂ ಹಲವು ದಿನ ಬೇಕು. ಆದ್ದರಿಂದ ಇಂದಿನ ಮಳೆ ನೋಡಿ ಇಂದು ಮಾಡುವ ತೀರ್ಮಾನ ಯಾವಾಗಲೂ ತಡವಾಗಿಯೇ ಇರುತ್ತದೆ. ಬೇಕಾಗಿರುವುದು ಮೂರರಿಂದ ಐದು ದಿನ ಮುಂಚಿನ ಅಂದಾಜು. ಇನ್ನೊಂದು ತೊಡಕೂ ಇದೆ. ಜಲಾಶಯ ತುಂಬಿಸುವ ಮಳೆ ಕುದುರೆಮುಖ, ಕಳಸ, ಬಾಳೆಹೊನ್ನೂರು ಕಡೆಯ ಮಲೆನಾಡಿನದು. ಅಚ್ಚುಕಟ್ಟಿನ ಬಹುಭಾಗ ಬಯಲುಸೀಮೆಯದು. ಪುಷ್ಯ, ಆಶ್ಲೇಷಾದಲ್ಲಿ ಮೇಲೆ ಸುರಿಯುವಾಗ ನಮ್ಮಲ್ಲಿ ಬರೀ ಮೋಡ ಇರಬಹುದು. ಉತ್ತರೆ, ಹಸ್ತ, ಚಿತ್ತೆಯಲ್ಲಿ ಮೇಲೆ ಮಳೆ ಇಳಿದಾಗ ನಮ್ಮ ಹೊಲದಲ್ಲಿ ನೀರು ನಿಲ್ಲಬಹುದು. ಅಣೆಕಟ್ಟಿನ ಒಳಹರಿವು ಒಂದನ್ನೇ ನೋಡಿ ನಾಲೆಯ ಅಗತ್ಯವನ್ನು ಊಹಿಸುವುದು ಸರಿಯಾಗದಿರಲು ಇದೇ ಕಾರಣ.

ಈ ಎರಡು ಪ್ರದೇಶಗಳ ಮಳೆಯನ್ನೂ ಬೇರೆಬೇರೆಯಾಗಿ ತಿಳಿಯುವ ವ್ಯವಸ್ಥೆ ಕರ್ನಾಟಕದಲ್ಲಿ ಇರುವಷ್ಟು ದಟ್ಟವಾಗಿ ದೇಶದ ಹೆಚ್ಚಿನ ರಾಜ್ಯಗಳಲ್ಲಿ ಇಲ್ಲ. 1988ರಲ್ಲಿ ಬರ ಪರಿಸ್ಥಿತಿಯನ್ನು ಗಮನಿಸುವ ಕೋಶವಾಗಿ ಹುಟ್ಟಿ, ಈಗ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಅಳವಡಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುವಂತೆ ರೂಪಿಸಲ್ಪಟ್ಟಿವೆ. ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಹಗಲು ರಾತ್ರಿ ಎನ್ನದೆ ಮಳೆಯ ಮುನ್ಸೂಚನೆ ಹೇಳುತ್ತಾರೆ. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆ ಹೊರಡಿಸುತ್ತದೆ. 2025ರ ಮೇ ತಿಂಗಳಿನಿಂದ ಆರು ಕಿಲೋಮೀಟರ್ ಚೌಕದಷ್ಟು ಸೂಕ್ಷ್ಮವಾಗಿ ಲೆಕ್ಕಹಾಕುವ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಕೂಡ ಬಂದಿದೆ. ಸಲಕರಣೆ ಬೆಳೆಯುತ್ತಿರುವ ಇದೇ ಹೊತ್ತಿನಲ್ಲಿ, ಮುನ್ಸೂಚನೆಯನ್ನು ರೈತರ ಭಾಷೆಗೆ ಇಳಿಸಿ ಹೇಳುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ದೇಶದಾದ್ಯಂತ ಮುಚ್ಚಿದ್ದು ನನ್ನ ದೃಷ್ಟಿಯಲ್ಲಿ ತಪ್ಪು ನಿರ್ಧಾರ. ಆರು ಕಿಲೋಮೀಟರ್ ಚೌಕದ ಲೆಕ್ಕ ಪುಣೆಯಲ್ಲಿ ತಯಾರಾದರೂ, ‘ನಾಳೆ ಯೂರಿಯಾ ಎರಚಬೇಡಿ, ನಾಲೆ ನೀರು ಗದ್ದೆಗೆ ತಿರುಗಿಸಬೇಡಿ’ ಎಂದು ಹೇಳುವವರು ಹತ್ತಿರದಲ್ಲೇ ಬೇಕು.

2023ನ್ನು ನೆನಪಿಸಿಕೊಳ್ಳದೆ ಈ ವಿಷಯ ಪೂರ್ತಿಯಾಗದು. ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ಎಲ್ ನಿನೊ ತಲೆಯೆತ್ತಿದೆ ಎಂದು ಜುಲೈ ಮೊದಲ ವಾರದಲ್ಲೇ ವಿಶ್ವ ಹವಾಮಾನ ಸಂಸ್ಥೆ ಪ್ರಕಟಿಸಿತ್ತು. ಜುಲೈ 31ರಂದು ನಮ್ಮ ಹವಾಮಾನ ಇಲಾಖೆ, ದೇಶದಲ್ಲಿ ಆಗಸ್ಟ್ ಮಳೆ ವಾಡಿಕೆಗಿಂತ ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚು ಎಂದು ಹೇಳಿತ್ತು. ಕೊನೆಗೆ ಅದು 1901ರಿಂದ ದಾಖಲಾದ ಆಗಸ್ಟ್‌ಗಳಲ್ಲೇ ಅತ್ಯಂತ ಒಣ ತಿಂಗಳಾಯಿತು. ದೇಶದ ಮಟ್ಟದ ಮುನ್ಸೂಚನೆಯನ್ನು ಭದ್ರೆಯ ಜಲಾನಯನಕ್ಕೆ ನೇರವಾಗಿ ಅನ್ವಯಿಸಲಾಗದು ಎಂಬುದು ನಿಜ. ಆದರೂ ಆ ಆಗಸ್ಟ್‌ನಲ್ಲಿ ಹಂಗಾಮಿಗೆಂದು ನಾಲೆಗೆ ನೀರು ಬಿಟ್ಟು, ಸಾಲ ಮಾಡಿ ನಾಟಿ ಮುಗಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ನಾಲೆಗೆ ಸರದಿಯಲ್ಲಿ ಮಾತ್ರ ನೀರು ಬಿಡುವ ಮಾತೆತ್ತಿದಾಗ ದಾವಣಗೆರೆ ಭಾಗದ ರೈತರು ಬೀದಿಗಿಳಿದದ್ದು ಎಲ್ಲರಿಗೂ ಗೊತ್ತಿದೆ. ಮುನ್ಸೂಚನೆಯನ್ನು ಸಭೆಯಲ್ಲೇ ಓದಿ, ‘ಮಳೆ ಹೀಗಾದರೆ ನೂರು ದಿನ, ಹಾಗಾದರೆ ಇಂಥ ದಿನಾಂಕದಿಂದ ಹತ್ತು ದಿನಕ್ಕೊಮ್ಮೆ ಸರದಿ; ಇದನ್ನು ತಿಳಿದು ನಾಟಿ ಮಾಡಿ’ ಎಂದು ಮೊದಲೇ ಎರಡು ದಾರಿ ಬರೆದಿಟ್ಟಿದ್ದರೆ, ಕೆಲವರಾದರೂ ಅಲ್ಪಾವಧಿ ತಳಿಗೆ ಹೋಗುತ್ತಿದ್ದರು, ಕೆಲವರು ಮೆಕ್ಕೆಜೋಳಕ್ಕೆ ತಿರುಗುತ್ತಿದ್ದರು. ರೈತನಿಗೆ ಬರಕ್ಕಿಂತ ಹೆಚ್ಚು ನಷ್ಟ ಮಾಡುವುದು ಅರ್ಧದಾರಿಯಲ್ಲಿ ಬದಲಾಗುವ ಆದೇಶ.

ಮಳೆ ಬರುತ್ತದೆಂದು ನಾಲೆ ತಗ್ಗಿಸಿದಾಗ ರೈತರೇ ವಿರೋಧಿಸುತ್ತಾರಲ್ಲ ಎಂದು ಅಧಿಕಾರಿಗಳು ಹೇಳಬಹುದು. ವಿರೋಧಿಸುತ್ತೇವೆ, ನಿಜ, ಅದಕ್ಕೆ ಕಾರಣವೂ ಇದೆ. ಇಂದು ಬಿಟ್ಟುಕೊಟ್ಟ ನೀರು ನಾಳೆ ನಮ್ಮ ಲೆಕ್ಕಕ್ಕೇ ಬರುತ್ತದೆ ಎಂಬ ಭರವಸೆ ಯಾವ ಕಾಗದದಲ್ಲೂ ಇಲ್ಲ. ಮುನ್ಸೂಚನೆ ಸುಳ್ಳಾದರೆ ಸರದಿ ಹೋಯಿತು, ನಿಜವಾದರೆ ಉಳಿದ ನೀರು ಯಾರ ಪಾಲಾಯಿತೋ ತಿಳಿಯದು. ಹಾಗಿರುವಾಗ ಸಿಕ್ಕಾಗ ತುಂಬಿಸಿಕೊಳ್ಳುವುದೇ ಜಾಣತನ ಎಂದು ಯಾವ ರೈತನಿಗಾದರೂ ಅನಿಸುತ್ತದೆ. ಆದ್ದರಿಂದ ಮಳೆಯ ಕಾರಣಕ್ಕೆ ತಗ್ಗಿಸಿದ ಪ್ರತಿ ದಿನದ ನೀರನ್ನೂ ‘ಮಳೆ ಉಳಿತಾಯ’ ಎಂದು ಪ್ರತ್ಯೇಕ ಖಾತೆಯಲ್ಲಿ ಬರೆದು, ಅದರ ಮೊತ್ತವನ್ನು ವಾರವಾರ ಪ್ರಕಟಿಸಿ, ಹಂಗಾಮಿನ ಕೊನೆಯಲ್ಲಿ ಅದೇ ಅಚ್ಚುಕಟ್ಟಿಗೆ, ಅದರಲ್ಲೂ ಕೊನೆ ಭಾಗಕ್ಕೆ ಮೊದಲು, ಕೊಡುತ್ತೇವೆಂದು ಸಮಿತಿ ಲಿಖಿತವಾಗಿ ಒಪ್ಪಬೇಕು. ಮುನ್ಸೂಚನೆ ತಪ್ಪಿ ಮಳೆ ಬಾರದೆ ಹೋದರೆ ತಗ್ಗಿಸಿದಷ್ಟೂ ನೀರನ್ನು ತಕ್ಷಣ ಮರಳಿಸುವ ಕರಾರೂ ಅದರಲ್ಲಿ ಇರಬೇಕು. ಮುನ್ಸೂಚನೆಯ ನಿಖರತೆ ಎಷ್ಟೇ ಹೆಚ್ಚಲಿ, ಈ ಕರಾರು ಇಲ್ಲದೆ ಅದು ನಾಲೆಯ ಗೇಟಿನವರೆಗೆ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಉಪಗ್ರಹದ ವಿಷಯ. ಭದ್ರಾ ಅಚ್ಚುಕಟ್ಟಿಗೆ ಇದು ಹೊಸ ಮಾತಲ್ಲ ಎಂಬುದನ್ನು ನಮ್ಮಲ್ಲಿ ಬಹಳ ಜನ ಮರೆತಿದ್ದಾರೆ. ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಜಲ ನಿರ್ವಹಣಾ ಯೋಜನೆ ಭದ್ರೆಯಲ್ಲಿ ಜಾರಿಯಾದ ನಂತರ ಅದರಿಂದ ಏನು ಬದಲಾಯಿತು ಎಂದು ತಿಳಿಯಲು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯ ವಿಜ್ಞಾನಿಗಳು ನಮ್ಮದೇ ಐಆರ್‌ಎಸ್ ಉಪಗ್ರಹಗಳ ಚಿತ್ರಗಳಿಂದ ಇಲ್ಲಿನ ಬೆಳೆಯನ್ನು ಉಪನಾಲೆವಾರು ಗುರುತಿಸಿ, ಬೆಳೆ ಕಟಾವು ಪ್ರಯೋಗಗಳ ಜೊತೆ ಹೋಲಿಸಿ ಇಳುವರಿಯನ್ನೂ ಅಂದಾಜು ಮಾಡಿದ್ದರು. ಎಲ್ಲಿ ನೀರು ಚೆನ್ನಾಗಿ ತಲುಪಿದೆ, ಎಲ್ಲಿ ಸೊರಗಿದೆ ಎಂಬುದು ಆ ನಕ್ಷೆಗಳಲ್ಲಿ ಕಾಣುತ್ತಿತ್ತು. ಆ ಅಧ್ಯಯನವನ್ನು ಕೊಲಂಬೊದ ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆ 1997ರಲ್ಲಿ ಸಂಶೋಧನಾ ವರದಿಯಾಗಿ ಪ್ರಕಟಿಸಿತು. ದೊಡ್ಡ ನೀರಾವರಿ ಯೋಜನೆಯೊಂದರ ಕೆಲಸವನ್ನು ಆಕಾಶದಿಂದ ಅಳೆಯಬಹುದು ಎಂಬುದಕ್ಕೆ ಜಗತ್ತು ಓದಿದ ಉದಾಹರಣೆ ನಮ್ಮ ನಾಲೆಯದು! ಅದಾದ ಇಷ್ಟು ವರ್ಷಗಳ ಮೇಲೂ ನಮ್ಮ ಸಭೆಗಳಲ್ಲಿ ‘ಮೇಲ್ಭಾಗದವರು ಅಡಿಕೆ ಹಾಕಿದ್ದಾರೆ’, ‘ಇಲ್ಲ, ಹಾಕಿಲ್ಲ’ ಎಂಬ ವಾದ ಬಾಯಿಮಾತಿನಲ್ಲೇ ನಡೆಯುತ್ತಿರುವುದು ಬೇಸರದ ಸಂಗತಿ.

ಆಗಿನ ಐಆರ್‌ಎಸ್ ಚಿತ್ರಗಳಲ್ಲಿ ಅತಿ ಸೂಕ್ಷ್ಮವಾದದ್ದರ ಒಂದು ಚುಕ್ಕಿ ನೆಲದ ಮೇಲೆ ಸುಮಾರು 36 ಮೀಟರ್ ಚೌಕ. ಈಗ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಜೋಡಿ ಉಪಗ್ರಹಗಳು ಐದು ದಿನಕ್ಕೊಮ್ಮೆ 10 ಮೀಟರ್ ಚೌಕದ ಚಿತ್ರ ತೆಗೆಯುತ್ತವೆ. ಒಂದು ಎಕರೆಯ ಗದ್ದೆಯಲ್ಲಿ ಅಂಥ 40 ಚುಕ್ಕಿಗಳು ಬೀಳುತ್ತವೆ. ಆ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಮಳೆಗಾಲದ ಮೋಡದಲ್ಲಿ ಇವು ಕುರುಡಾಗುತ್ತವೆ ಎಂಬುದು ನಿಜ. ಅದಕ್ಕೇ ರೇಡಾರ್ ಉಪಗ್ರಹಗಳಿವೆ. 2022ರ ಫೆಬ್ರುವರಿಯಲ್ಲಿ ಇಸ್ರೊ ಹಾರಿಸಿದ ಇಒಎಸ್-04, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ಇಸ್ರೊ–ನಾಸಾ ಜಂಟಿ ಉಪಗ್ರಹ ನಿಸಾರ್, ಯುರೋಪಿನ ಸೆಂಟಿನೆಲ್-1 ಇವೆಲ್ಲ ಮೋಡದ ಮೂಲಕವೂ ರಾತ್ರಿಯಲ್ಲೂ ನೆಲವನ್ನು ನೋಡಬಲ್ಲವು. ಭತ್ತವನ್ನು ಗುರುತಿಸಲು ರೇಡಾರ್ ಹೇಳಿ ಮಾಡಿಸಿದ್ದು. ಕೆಸರು ಮಾಡಿ ನೀರು ನಿಲ್ಲಿಸಿದ ಗದ್ದೆಯ ನಯವಾದ ಮೇಲ್ಮೈಯಿಂದ ರೇಡಾರ್ ಅಲೆ ಬೇರೆ ಕಡೆಗೆ ಚಿಮ್ಮಿಹೋಗುವುದರಿಂದ ಆ ಜಾಗ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ನಾಟಿಯಾಗಿ ಪೈರು ಎದ್ದಂತೆ ವಾರವಾರಕ್ಕೂ ಬೆಳ್ಳಗಾಗುತ್ತ ಹೋಗುತ್ತದೆ. ಮೊದಲು ಕಪ್ಪಾಗಿ ಆಮೇಲೆ ಬೆಳ್ಳಗಾಗುವ ಈ ಕ್ರಮದಿಂದ ಯಾವ ತೂಬಿನ ಕೆಳಗೆ ಯಾವ ವಾರ ನಾಟಿ ನಡೆಯಿತು ಎಂಬುದೂ ತಿಳಿಯುತ್ತದೆ. ನಾಟಿಯ ವಾರ ತಿಳಿದರೆ ಹೊಡೆ ಬಿಚ್ಚುವ ವಾರ, ಕೊನೆಯ ನೀರಿನ ವಾರ ಎಲ್ಲವನ್ನೂ ಲೆಕ್ಕ ಹಾಕಬಹುದು. ಮೇಲ್ಭಾಗದಲ್ಲಿ ಮೊದಲು ನಾಟಿಯಾಗಿ, ಕೊನೆ ಭಾಗದಲ್ಲಿ ಮೂರು ವಾರ ತಡವಾಗಿ ನಾಟಿಯಾದ ವರ್ಷ, ಇಡೀ ನಾಲೆಗೆ ಒಂದೇ ದಿನ ನೀರು ನಿಲ್ಲಿಸುವ ಆದೇಶ ಯಾರ ಹೊಟ್ಟೆಗೆ ಹೊಡೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಡಿಕೆಯ ಗುರುತು ಇನ್ನೂ ಸುಲಭ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಭತ್ತ ಕಟಾವಾಗಿ ಬಯಲೆಲ್ಲ ಕಂದಾದಾಗಲೂ ಹಸಿರಾಗಿ ಉಳಿಯುವುದು ಬಹುತೇಕ ತೋಟಗಳೇ. ಚನ್ನಗಿರಿ, ಭದ್ರಾವತಿ ಕಡೆಯಲ್ಲಿ ಗದ್ದೆ ತೋಟವಾಗಿ ಬದಲಾದದ್ದನ್ನು ವರ್ಷವರ್ಷದ ಬೇಸಿಗೆ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಯಾರೂ ಅಲ್ಲಗಳೆಯಲಾಗದು. ಯೋಜನೆಯ ಮೂಲ ಬೆಳೆ ಪದ್ಧತಿಯಲ್ಲಿ ಅರೆ ನೀರಾವರಿ ಬೆಳೆಗೂ ದೊಡ್ಡ ಪಾಲಿತ್ತು. ಭತ್ತವೂ ಆ ಪಾಲನ್ನು ನುಂಗಿದೆ, ತೋಟವೂ ನುಂಗಿದೆ. ನಾವು ಭತ್ತದವರು ಅಡಿಕೆಯವರತ್ತ ಮಾತ್ರ ಬೆರಳು ತೋರುವುದು ಅಷ್ಟೇನೂ ಪ್ರಾಮಾಣಿಕವಲ್ಲ.

ಉಪಗ್ರಹ ಎಲ್ಲವನ್ನೂ ಹೇಳುತ್ತದೆ ಎಂದು ನಾನು ವಾದಿಸುತ್ತಿಲ್ಲ. ಬೆಳೆ ದಿನಕ್ಕೆ ಎಷ್ಟು ನೀರನ್ನು ಆವಿಯಾಗಿ ಬಿಟ್ಟಿತು ಎಂಬುದನ್ನು ಅಂದಾಜು ಮಾಡಲು ನೆಲದ ಶಾಖವನ್ನು ಅಳೆಯುವ ಚಿತ್ರ ಬೇಕು. ನೀರು ಸಿಕ್ಕ ಪೈರು ತಂಪಾಗಿರುತ್ತದೆ, ಬಾಡುತ್ತಿರುವ ಪೈರು ಬಿಸಿಯಾಗುತ್ತದೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಅಂಥ ಚಿತ್ರ ತೆಗೆಯುತ್ತವೆಯಾದರೂ ಅವುಗಳ ಶಾಖದ ಚುಕ್ಕಿ 100 ಮೀಟರ್ ಚೌಕದ್ದು, ಅಂದರೆ ಎರಡೂವರೆ ಎಕರೆ. ನಮ್ಮ ಕಡೆ ಅಷ್ಟರಲ್ಲಿ ಇಬ್ಬರು ಮೂವರು ಅಣ್ಣತಮ್ಮಂದಿರ ಹಿಸ್ಸೆ ಇರುತ್ತದೆ. ಆದ್ದರಿಂದ ಒಂದೊಂದು ಸರ್ವೆ ನಂಬರಿನ ನೀರಿನ ಲೆಕ್ಕವನ್ನು ಅದರಿಂದ ತೆಗೆಯುವುದು ಅತಿಯಾಸೆ. ತೂಬಿನ ಮಟ್ಟದ, ಉಪನಾಲೆಯ ಮಟ್ಟದ ಲೆಕ್ಕಕ್ಕೆ ಅದು ಸಾಕು. ಮೂರು ನಾಲ್ಕು ವರ್ಷದ ಅಡಿಕೆ ಸಸಿಯ ನಡುವೆ ಬೇರೆ ಬೆಳೆ ಇದ್ದರೆ ಉಪಗ್ರಹ ಮೋಸಹೋಗುತ್ತದೆ. ನಾಲೆಗೆ ಪೈಪು ಇಳಿಸಿ ರಾತ್ರಿ ನಡೆಸುವ ಪಂಪ್‌ಸೆಟ್ಟನ್ನು ಅದು ನೋಡಲಾರದು. ಅಚ್ಚುಕಟ್ಟಿನ ಹೊರಗೆ ಬೇಸಿಗೆಯಲ್ಲಿ ಕಾಣುವ ಹಸಿರನ್ನು ತೋರಿಸಬಹುದು, ಅದು ನಾಲೆಯ ನೀರೋ ಕೊಳವೆಬಾವಿಯ ನೀರೋ ಎಂದು ಹೇಳಲಾರದು. ಅಲ್ಲಿಗೆ ಮನುಷ್ಯನೇ ಹೋಗಿ ನೋಡಬೇಕು.

ಹಾಗೆ ನೋಡಿದ ಮಾಹಿತಿಯೂ ಸರ್ಕಾರದ ಬಳಿ ಇದೆ ಎಂಬುದು ಈ ಕಥೆಯ ಇನ್ನೊಂದು ವಿಚಿತ್ರ. ಕರ್ನಾಟಕದಲ್ಲಿ 2018ರಿಂದ ಮೊಬೈಲ್ ಆ್ಯಪ್ ಮೂಲಕ ಸರ್ವೆ ನಂಬರುವಾರು ಬೆಳೆ ಸಮೀಕ್ಷೆ ನಡೆಯುತ್ತಿದೆ. ಹೊಲದಲ್ಲಿ ನಿಂತು ಫೋಟೊ ತೆಗೆದು ಕಳುಹಿಸುವ ಅವಕಾಶವನ್ನು 2020ರಿಂದ ರೈತರಿಗೇ ಕೊಡಲಾಗಿದೆ. ಅದು ಬೆಂಬಲ ಬೆಲೆಗೂ ಬೆಳೆ ವಿಮೆಗೂ ಪರಿಹಾರಕ್ಕೂ ಬಳಕೆಯಾಗುತ್ತದೆ. ಬರ ಘೋಷಿಸುವಾಗಲಂತೂ ಕೇಂದ್ರದ ಬರ ಕೈಪಿಡಿಯ ಪ್ರಕಾರ ಮಳೆಯ ಕೊರತೆ, ಒಣಹವೆಯ ವಾರಗಳ ಜೊತೆಗೆ ಉಪಗ್ರಹ ತೋರಿಸುವ ಹಸಿರು ಸೂಚ್ಯಂಕ, ಮಣ್ಣಿನ ತೇವಾಂಶ ಎಲ್ಲವನ್ನೂ ನೋಡಿ, ಆಮೇಲೆ ಹೊಲಗಳ ಮಾದರಿ ಪರಿಶೀಲನೆ ನಡೆಸಲೇಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದದ್ದು ಈ ಕ್ರಮದಲ್ಲೇ. ಬೆಳೆ ಒಣಗಿದೆ ಎಂದು ದೆಹಲಿಗೆ ಸಾಬೀತುಪಡಿಸಲು ನಂಬಿಕೆಗೆ ಅರ್ಹವಾದ ಉಪಗ್ರಹ, ಬೆಳೆ ಒಣಗದಂತೆ ನಾಲೆ ಹರಿಸುವ ತೀರ್ಮಾನಕ್ಕೆ ಏಕೆ ಬೇಡವಾಗಬೇಕು? ಸಮೀಕ್ಷೆಯ ಅಂಕಿ ಹಂಗಾಮು ಮುಗಿಯುವ ಹೊತ್ತಿಗೆ ಅಂತಿಮವಾಗುತ್ತದೆ, ನೀರಿನ ತೀರ್ಮಾನಕ್ಕೆ ಅದು ತಡ. ಉಪಗ್ರಹದ ನಕ್ಷೆ ನಾಟಿಯ ವಾರದಲ್ಲೇ ಸಿಗುತ್ತದೆ, ಆದರೆ ಅದರಲ್ಲಿ ತಪ್ಪುಗಳಿರುತ್ತವೆ. ಒಂದರಿಂದ ಇನ್ನೊಂದನ್ನು ತಿದ್ದುವುದು ಬೆಂಗಳೂರಿನ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರಕ್ಕಾಗಲೀ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕಾಗಲೀ ಕಷ್ಟದ ಕೆಲಸವಲ್ಲ. ಅಚ್ಚುಕಟ್ಟಿನೊಳಗೇ ಕತ್ತಲಗೆರೆಯಲ್ಲಿ ಸಂಶೋಧನಾ ಕೇಂದ್ರವೂ ಇದೆ.

ನಕ್ಷೆ ಎಂದೊಡನೆ ಮೇಲ್ಭಾಗದ ರೈತರಿಗೆ ಭಯವಾಗುವುದು ಸಹಜ. ಅಕ್ರಮವಾಗಿ ನಾಲೆಯಿಂದ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಉಪಗ್ರಹ ಚಿತ್ರವನ್ನು ನೋಟಿಸ್ ಕೊಡುವ ಸಾಧನವಾಗಿ ಮೊದಲ ದಿನವೇ ಬಳಸಿದರೆ ಯಾರೂ ಸಮೀಕ್ಷೆಗೆ ಸಹಕರಿಸುವುದಿಲ್ಲ, ಮಾದರಿ ಪರಿಶೀಲನೆಗೆ ಬಂದವರನ್ನು ಹೊಲಕ್ಕೂ ಬಿಡುವುದಿಲ್ಲ. ಆದ್ದರಿಂದ ನಕ್ಷೆಯನ್ನು ತೂಬಿನ ಮಟ್ಟದ ಮೊತ್ತವಾಗಿ ಮಾತ್ರ ಪ್ರಕಟಿಸಬೇಕು. ಯಾರ ಹೆಸರೂ ಸರ್ವೆ ನಂಬರೂ ಅದರಲ್ಲಿ ಇರಬಾರದು. ಇರುವ ತೋಟವನ್ನು ಕಿತ್ತುಹಾಕಿ ಎಂದು ಯಾವ ಸರ್ಕಾರವೂ ಹೇಳಲಾರದು, ಹೇಳಬಾರದು ಕೂಡ. ಆದರೆ ತೋಟಕ್ಕೆ ಭತ್ತದ ಹಾಗೆ ನಿಂತ ನೀರು ಬೇಕಿಲ್ಲ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ ಇಪ್ಪತ್ತು ಲೀಟರ್ ಆಸುಪಾಸು ಸಾಕು ಎಂಬುದು ತಜ್ಞರ ಶಿಫಾರಸು. ತೋಟ ಹೆಚ್ಚಿರುವ ಉಪನಾಲೆಗೆ ಬೇಸಿಗೆಯಲ್ಲಿ ಅಂತರ ಕೊಟ್ಟು ನೀರು ಬಿಟ್ಟು, ನಡುವೆ ಉಳಿದ ದಿನಗಳನ್ನು ಭತ್ತ ಹೆಚ್ಚಿರುವ ಕೊನೆ ಭಾಗಕ್ಕೆ ಕೊಡಲು ಸಾಧ್ಯ. 2024ರ ಬೇಸಿಗೆಯಲ್ಲಿ ನೀರಿನ ಕೊರತೆಯಿಂದ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ‘ಆನ್ ಅಂಡ್ ಆಫ್’ ಪದ್ಧತಿಯನ್ನು ಇಡೀ ನಾಲೆಗೆ ಒಂದೇ ಅಳತೆಯಾಗಿ ತಂದದ್ದಕ್ಕಿಂತ, ಯಾವ ಉಪನಾಲೆಗೆ ಎಷ್ಟು ದಿನ ಆನ್, ಎಷ್ಟು ದಿನ ಆಫ್ ಎಂದು ಬೆಳೆ ನೋಡಿ ನಿಗದಿಪಡಿಸುವುದು ಹೆಚ್ಚು ನ್ಯಾಯ.

ಇಷ್ಟಾದರೂ ಲೆಕ್ಕದ ಒಂದು ಬದಿ ಮಾತ್ರ ತುಂಬುತ್ತದೆ. ಬೆಳೆ ಎಷ್ಟು ಕುಡಿಯಿತು ಎಂದು ಆಕಾಶದಿಂದ ತಿಳಿದರೂ, ಆ ಉಪನಾಲೆಗೆ ಎಷ್ಟು ಹರಿಯಿತು ಎಂಬುದನ್ನು ನೆಲದ ಮೇಲೆಯೇ ಅಳೆಯಬೇಕು. ಒಂದು ಲಕ್ಷ ಹೆಕ್ಟೇರ್ ಬೆಳೆ ದಿನಕ್ಕೆ ಐದು ಮಿಲಿಮೀಟರ್ ನೀರು ಬಳಸಿದರೆ ಅದು 0.18 ಟಿಎಂಸಿ, ಹೊರಗೆ ಬಿಟ್ಟದ್ದು 0.26 ಆದರೆ ಉಳಿದ 0.08 ಎಲ್ಲಿಗೆ ಹೋಯಿತು? ಒಂದಷ್ಟು ಗದ್ದೆಯಲ್ಲಿ ಇಂಗಿದೆ, ಅದು ಬೇಕಾದದ್ದೇ. ಒಂದಷ್ಟು ನಾಲೆಯ ಬಿರುಕಿನಲ್ಲಿ, ಒಂದಷ್ಟು ಪಂಪ್‌ಸೆಟ್‌ನಲ್ಲಿ, ಒಂದಷ್ಟು ಹಳ್ಳದಲ್ಲಿ. ಯಾವುದು ಎಷ್ಟು ಎಂಬುದನ್ನು ಶಾಖಾ ನಾಲೆಗಳ ಮೊದಲಿಗೂ ಕೊನೆಗೂ ಇರುವ, ನೀರಿನ ಮಟ್ಟ ಅಳೆಯುವ ಗೇಜುಗಳ ಅಂಕಿ ಮಾತ್ರ ಹೇಳಬಲ್ಲದು. ನಾರಾಯಣಪುರ ಎಡದಂಡೆ ನಾಲೆಯಲ್ಲಿ ದೂರದಿಂದಲೇ ಗೇಟು ನಡೆಸುವ, ಹರಿವನ್ನು ತಾನೇ ದಾಖಲಿಸುವ ಸ್ಕಾಡಾ ವ್ಯವಸ್ಥೆ ಅಳವಡಿಸಿ, ನವೀಕೃತ ನಾಲೆಯನ್ನು 2023ರ ಜನವರಿಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಅಂಥದ್ದು ಭದ್ರೆಗೂ ಬರಲಿ ಎಂಬ ಬೇಡಿಕೆ ಸರಿಯಾದದ್ದೇ. ಆದರೆ ಬೆಳೆ ನಕ್ಷೆಯೂ ಮಳೆ ಲೆಕ್ಕವೂ ಇಲ್ಲದ ಸ್ಕಾಡಾ, ಹಳೆಯ ಆದೇಶವನ್ನೇ ಹೊಸ ಯಂತ್ರದಿಂದ ಪಾಲಿಸುತ್ತದೆ ಅಷ್ಟೆ. ಅದು ಬರುವವರೆಗೆ ನಾಲೆಯ ನೀರು ಹಂಚುವ ಕೆಲಸಗಾರರಾದ ನಮ್ಮ ಸೌಡಿಗಳೇ ಇದ್ದಾರೆ. ರಾತ್ರಿ ಹಗಲು ನಾಲೆ ಏರಿಯ ಮೇಲೆ ಓಡಾಡುವ, ಗುತ್ತಿಗೆಯ ಸಂಬಳಕ್ಕೂ ತಿಂಗಳುಗಟ್ಟಲೆ ಕಾಯುವ ಈ ಜನರ ಕೈಗೆ ಒಂದು ಮೊಬೈಲ್ ಕೊಟ್ಟು, ಬೆಳಿಗ್ಗೆ ಸಂಜೆ ಗೇಜಿನ ಫೋಟೊ ಕಳುಹಿಸಲು ಹೇಳಿ, ಸಂಬಳವನ್ನು ಸಕಾಲಕ್ಕೆ ಕೊಟ್ಟರೆ ಅರ್ಧ ಸ್ಕಾಡಾ ಸಿದ್ಧವಾದಂತೆಯೇ.

ಇದೆಲ್ಲವನ್ನೂ ಈಗಲೇ ಕೇಳುವುದಕ್ಕೆ ಮತ್ತೊಂದು ಕಾರಣವಿದೆ. ಭದ್ರಾ ಮೇಲ್ದಂಡೆ ಯೋಜನೆ ಪೂರ್ಣವಾದಾಗ ತುಂಗಾದಿಂದ 17.40 ಟಿಎಂಸಿ ಭದ್ರೆಗೆ ಬಂದು, ಭದ್ರೆಯಿಂದ 29.90 ಟಿಎಂಸಿ ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಒಣಭೂಮಿಗೆ ಹೋಗಬೇಕು. ಚಿತ್ರದುರ್ಗದವರ ಹಕ್ಕನ್ನು ಪ್ರಶ್ನಿಸುವ ಮನಸ್ಸು ನನಗಿಲ್ಲ; ಅವರು ದಶಕಗಳಿಂದ ಕಾದಿದ್ದಾರೆ, ಅವರ 2.25 ಲಕ್ಷ ಹೆಕ್ಟೇರ್‌ಗೆ ಯೋಜಿಸಿರುವುದು ಸೂಕ್ಷ್ಮ ನೀರಾವರಿ. ಆದರೆ 71.5 ಟಿಎಂಸಿಯ ಒಂದೇ ಜಲಾಶಯಕ್ಕೆ ಎರಡು ಅಚ್ಚುಕಟ್ಟುಗಳು ಕೈಚಾಚುವ ದಿನ, ಮಳೆ ಕಡಿಮೆಯಾದ ವರ್ಷದಲ್ಲಿ ಯಾರ ಪಾಲು ಎಷ್ಟು ತಗ್ಗಬೇಕೆಂಬ ಪ್ರಶ್ನೆ ಏಳುತ್ತದೆ. ಆಗ ಹಳೆಯ ಅಚ್ಚುಕಟ್ಟಿನ ನಿಜವಾದ ಬಳಕೆ ಎಷ್ಟು ಎಂಬ ಲೆಕ್ಕ ನಮ್ಮ ಬಳಿ ಇಲ್ಲದಿದ್ದರೆ, ಬೇರೆಯವರು ಹೇಳಿದ ಲೆಕ್ಕವನ್ನು ಒಪ್ಪಬೇಕಾಗುತ್ತದೆ.

ಆದ್ದರಿಂದ ಮುಂದಿನ ಸಲಹಾ ಸಮಿತಿ ಸಭೆಗೆ ಕನಿಷ್ಠ ಒಂದು ವಾರ ಮುಂಚೆ, ಹಿಂದಿನ ಹಂಗಾಮಿನ ಉಪನಾಲೆವಾರು ಬೆಳೆ ವಿಸ್ತೀರ್ಣ, ನಾಟಿಯ ವಾರಗಳು, ಗೇಜುಗಳಲ್ಲಿ ದಾಖಲಾದ ಹರಿವು, ಗ್ರಾಮ ಪಂಚಾಯಿತಿವಾರು ಮಳೆ ಇವನ್ನು ಒಂದೇ ಹಾಳೆಯ ಪಟ್ಟಿಯಾಗಿ ಕನ್ನಡದಲ್ಲಿ ಅಚ್ಚುಹಾಕಿಸಿ ಅಚ್ಚುಕಟ್ಟಿನ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೂ ನೀರು ಬಳಕೆದಾರರ ಸಹಕಾರ ಸಂಘಗಳಿಗೂ ಕಳುಹಿಸಬೇಕೆಂದು ಸಮಿತಿಯ ಅಧ್ಯಕ್ಷರಾದ ಸಚಿವರನ್ನೂ ಜಲಸಂಪನ್ಮೂಲ ಇಲಾಖೆಯನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಇಡೀ ಅಚ್ಚುಕಟ್ಟಿಗೆ ಒಮ್ಮೆಲೇ ಮಾಡಲಾಗದಿದ್ದರೆ ಮಲೇಬೆನ್ನೂರು ಶಾಖಾ ನಾಲೆ ಒಂದರಲ್ಲಿ ಆರಂಭಿಸಲಿ. ಅಲ್ಲಿ ಮೇಲ್ಭಾಗ, ಕೊನೆ ಭಾಗ, ತೋಟ, ಗದ್ದೆ ಎಲ್ಲವೂ ಇದೆ. ಪಟ್ಟಿಯಲ್ಲಿ ತಪ್ಪಿದ್ದರೆ ಹೊಲದವರೇ ಬಂದು ತಿದ್ದುತ್ತಾರೆ.

– ಭದ್ರಾ ಬಲದಂಡೆ ಅಚ್ಚುಕಟ್ಟಿನ ಕೊನೆ ಭಾಗದ ಒಬ್ಬ ರೈತ, ಹರಿಹರ ತಾಲ್ಲೂಕು